ಎಂಟು ಮನೆ, ಒಂದು ನೋಟ್‌ಬುಕ್

ಬೈಬಲ್ಲಿನ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ದೆವ್ವ ಬಿಟ್ಟು ಗುಣವಾದ ಮನುಷ್ಯ ತಾನೂ ದೋಣಿ ಹತ್ತುತ್ತೇನೆಂದು ಯೇಸುವನ್ನು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ. ಮನೆಗೆ, ಸ್ವಂತ ಜನರ ಬಳಿಗೆ ಕಳಿಸುತ್ತಾನೆ. ಸಮಾಧಿಗಳ ನಡುವೆ ಅವನು ಕೂಗಾಡುತ್ತ, ಕಲ್ಲಿನಿಂದ ಮೈ ಕೊಯ್ದುಕೊಳ್ಳುತ್ತ ಇದ್ದುದು ಆ ಸೀಮೆಗೆಲ್ಲ ಗೊತ್ತು. ದೋಣಿ ಹತ್ತಿದ್ದರೆ ಹೊಸಬರ ಮುಂದೆ ಹೊಸ ಮನುಷ್ಯನಾಗಿ ನಿಲ್ಲಬಹುದಿತ್ತು. ಸ್ವಂತ ಊರಲ್ಲಿ ಆ ಸೌಕರ್ಯ ಇರುವುದಿಲ್ಲ, ಎಲ್ಲರ ಹತ್ತಿರವೂ ನಮ್ಮ ಹಳೇ ಲೆಕ್ಕ ಇರುತ್ತದೆ. ಹಾಗಾಗಿ ನೆರೆಹೊರೆಯವರ ನಡುವೆ ವಿಶ್ವಾಸಿಯಾಗಿ ಬದುಕಲು, ಸೇವೆ ಮಾಡಲು ನಾನು ಹಿಡಿದಿರುವ ಕ್ರಮ ಬಾಕಿ ಪಟ್ಟಿಯಿಂದಲೇ ಶುರುವಾಗುತ್ತದೆ. ಸಾಕ್ಷಿ (ನಂಬಿಕೆಯ ಅನುಭವ ಹೇಳುವುದು), ಮನೆಕೂಟ (ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟ) ಎಲ್ಲ ಆಮೇಲೆ.

ಪಟ್ಟಿಗೆ ಒಂದು ಸಂಜೆ ಸಾಕು. ಕೈಗಡ ತಂದು ಕೊಡದ ಹಣ, ವಾಪಸು ಮಾಡದ ಸಾಮಾನು, ಮಾಡುತ್ತೇನೆಂದು ಹೇಳಿ ಮರೆತ ಕೆಲಸ, ನಾಲ್ಕು ಜನರೆದುರು ಆಡಿದ ಮಾತು. ಹೆಸರು, ವಿಷಯ, ತೀರಿಸುವ ದಿನ ಅಂತ ಮೂರು ಕಾಲಮ್ಮು. ಯೇಸುವಿನ ಕಾಲದ ಸುಂಕದ ಅಧಿಕಾರಿ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ. ಬೈಬಲ್ಲಿನ ನಿಯಮಗಳ ಪುಸ್ತಕ ಯಾಜಕಕಾಂಡ ಕೇಳುವುದು ಅಸಲಿನ ಮೇಲೆ ಐದನೇ ಒಂದು ಪಾಲು, ಅಂದರೆ 100ಕ್ಕೆ 20. ನಾನು ಈ ಎರಡನೆಯದನ್ನು ಅನುಸರಿಸುತ್ತೇನೆ. ನಾಲ್ಕರಷ್ಟು ಕೊಡಲು ಹೋದರೆ ಕೊಡುವವನ ದೊಡ್ಡಸ್ತಿಕೆ ಎದ್ದು ಕಾಣುತ್ತದೆ, ತೆಗೆದುಕೊಳ್ಳುವವರಿಗೆ ಮುಜುಗರ. ವಾರಕ್ಕೆ ಒಂದೇ ಹೆಸರು ತೀರಿಸಬೇಕು. ಒಂದೇ ಹುಮ್ಮಸ್ಸಿನಲ್ಲಿ ಹತ್ತು ಮನೆಯ ಬಾಗಿಲು ತಟ್ಟಿದರೆ ಇವನಿಗೇನೋ ಆಗಿದೆ ಅನ್ನುತ್ತಾರೆ.

ಕ್ಷಮೆ ಕೇಳುವ ಮಾತು ಮೂರು ವಾಕ್ಯ ದಾಟಬಾರದು: ನಾನು ಇಂಥದ್ದು ಮಾಡಿದೆ, ಅದು ತಪ್ಪು, ಅದಕ್ಕೆ ಇದನ್ನು ತಂದಿದ್ದೇನೆ. 'ಆದರೆ' ಅನ್ನುವ ಪದ ಬಂತೆಂದರೆ ಕ್ಷಮೆ ಅಲ್ಲಿಗೆ ಮುಗಿಯಿತು, ವಾದ ಶುರು. 'ನಾನೀಗ ವಿಶ್ವಾಸಿ, ಅದಕ್ಕೇ ಬಂದೆ' ಅನ್ನುವುದೂ ಬೇಡ. ಅವರ ನೋವಿನ ಹೊತ್ತನ್ನು ನಮ್ಮ ಸಾಕ್ಷಿಯ ವೇದಿಕೆ ಮಾಡಿಕೊಂಡಂತಾಗುತ್ತದೆ. ಕ್ಷಮಿಸಿದ್ದೀರಾ ಅಂತ ಅಲ್ಲೇ ನಿಂತು ಉತ್ತರಕ್ಕೆ ಕಾಯಬಾರದು. ಇನ್ನೊಂದು ವಿಷಯ, ಹೆಚ್ಚಿನವರು ಎಡವುವುದು ಇಲ್ಲೇ: ನೀವು ಮನಸ್ಸಿನೊಳಗೆ ಮಾತ್ರ ಕೆಟ್ಟದಾಗಿ ಯೋಚಿಸಿದ್ದನ್ನು, ಅವರಿಗೆ ಗೊತ್ತೇ ಇಲ್ಲದ್ದನ್ನು, ಹೋಗಿ ಅರಿಕೆ ಮಾಡಬೇಡಿ. ನಿಮ್ಮ ಭಾರ ಇಳಿಯುತ್ತದೆ, ಅವರ ಹೆಗಲಿಗೆ ಏರುತ್ತದೆ. ಅದನ್ನು ದೇವರ ಮುಂದೆಯೇ ಮುಗಿಸಿಕೊಳ್ಳಬೇಕು.

ಇನ್ನು ಎಂಟು ಮನೆಯ ಲೆಕ್ಕ. 'ನಮ್ಮ ಊರಿಗಾಗಿ' ಅಂತ ಪ್ರಾರ್ಥಿಸುವುದು ಸುಲಭ, ಊರಿಗೆ ಮುಖವಿಲ್ಲವಲ್ಲ. ಬಾಗಿಲಲ್ಲಿ ನಿಂತು ಎಣಿಸಿ: ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರಿಗೆ ಮೂರು, ಹಿಂದೆಯೋ ಮೇಲೆಯೋ ಒಂದು. ಆ ಎಂಟು ಮನೆಗಳಲ್ಲಿ ಇರುವವರೆಲ್ಲರ ಹೆಸರು ನೋಡದೆ ಬರೆಯಲು ಆಗದಿದ್ದರೆ ಎಂಟೂ ಜಾಸ್ತಿಯೇ, ಐದಕ್ಕೆ ಇಳಿಸಿ. ಮನೆಗೊಂದು ಪುಟ. ಮೇಲೆ ಹೆಸರುಗಳು, ಅವರು ಮನೆಯಲ್ಲಿರುವ ಹೊತ್ತು, ಗೊತ್ತಿರುವ ಕಾಯಿಲೆ, ನೆನಪಿಡಬೇಕಾದ ತಾರೀಕು. ಕೆಳಗೆ ಎರಡು ಕಾಲಮ್ಮು: ಎಡಕ್ಕೆ 'ಹೇಳಿದ್ದು', ಬಲಕ್ಕೆ 'ಮಾಡಿದ್ದು'. ಏಣಿ ತಂದುಕೊಡುತ್ತೇನೆ ಅಂದರೆ ಎಡಕ್ಕೆ ಬರೆಯಬೇಕು, ತಂದುಕೊಟ್ಟ ದಿನ ಬಲಕ್ಕೆ. ಎಡಕ್ಕೆ ಐದು ಸಾಲು, ಬಲಕ್ಕೆ ಎರಡೇ ಇರುವ ಪುಟ ಕಂಡರೆ ಆ ಮನೆಯವರಿಗೆ ನನ್ನ ಮಾತಿನ ಬೆಲೆ ಎಷ್ಟು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ಸುವಾರ್ತೆಯ ಮಾತು ತೆಗೆಯುವ ಮೊದಲು ಏಣಿ ತಲುಪಿಸಬೇಕು.

ಯಾರ ಗುಟ್ಟೂ, ಗಂಡ ಹೆಂಡಿರ ಜಗಳವೂ ಆ ಪುಟದಲ್ಲಿ ಇರಬಾರದು. ಯಾರು ವಿಶ್ವಾಸಕ್ಕೆ ಎಷ್ಟು ಹತ್ತಿರ ಬಂದರು ಅನ್ನುವ ಅಂದಾಜಂತೂ ಬೇಡವೇ ಬೇಡ. ಪುಸ್ತಕ ಆ ಮನೆಯವರ ಕೈಗೇ ಸಿಕ್ಕಿದರೂ ನಾಚಿಕೆಪಡುವಂಥದ್ದು ಒಂದು ಅಕ್ಷರವೂ ಇರಕೂಡದು, ಅಳತೆ ಅದೇ.

ಮನೆ ಮನೆಗೆ ಹೋಗದೆ ಮನೆಯ ಸ್ಥಿತಿ ತಿಳಿಯುವುದಿಲ್ಲ ಅನ್ನುವುದಕ್ಕೆ ಹಳೇ ಉದಾಹರಣೆ ಒಂದಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಧರ್ಮಬೋಧಕ ಜಾನ್ ವೆಸ್ಲಿಯ ಜೊತೆಯವರು ಕಟ್ಟಡದ ಸಾಲ ತೀರಿಸಲು ಸುಮಾರು 12 ಜನರ ಗುಂಪುಗಳನ್ನು ಮಾಡಿಕೊಂಡರು. ತಲೆಗೆ ವಾರಕ್ಕೊಂದು ಪೆನ್ನಿ, ವಸೂಲಿಗೆ ಗುಂಪಿಗೊಬ್ಬ ಮುಖಂಡ. ಪೆನ್ನಿಗಾಗಿ ಬಾಗಿಲು ಬಾಗಿಲು ತಿರುಗಿದವರಿಗೆ ಯಾರು ಹೇಗೆ ಬದುಕುತ್ತಿದ್ದಾರೆ ಅನ್ನುವುದು ಕಣ್ಣಿಗೆ ಬಿತ್ತು. ವೆಸ್ಲಿಯ ಹಿಂಬಾಲಕರಾದ ಮೆಥಡಿಸ್ಟರ ಕ್ಲಾಸ್ ಮೀಟಿಂಗ್, ಅಂದರೆ ಸಣ್ಣ ಗುಂಪಿನ ವಾರದ ಕೂಟ, ಹುಟ್ಟಿದ್ದು ಹಾಗೆ.

ದಿನಕ್ಕೆ ಒಂದು ಮನೆಗಾಗಿ ಪ್ರಾರ್ಥನೆ, ಐದು ನಿಮಿಷ. ಮನೆ ಎಂಟು, ವಾರಕ್ಕೆ ದಿನ ಏಳು. ಈ ಹೊಂದದ ಲೆಕ್ಕ ನನಗೆ ಅನುಕೂಲವೇ ಆಗಿದೆ. ಏಳೇ ಮನೆ ಇದ್ದಿದ್ದರೆ ಒಂದು ಮನೆ ಯಾವಾಗಲೂ ಭಾನುವಾರಕ್ಕೇ ಬಿದ್ದು, ಆರಾಧನೆಯ ಗಡಿಬಿಡಿಯಲ್ಲಿ ಪ್ರತಿ ಸಲವೂ ತಪ್ಪಿಹೋಗುತ್ತಿತ್ತು. ಎಂಟಾದರೆ ಸುತ್ತು ಸುತ್ತಿಗೂ ಮನೆಗೆ ಬೀಳುವ ದಿನ ಬದಲಾಗುತ್ತದೆ. 'ಇವರನ್ನು ಆಶೀರ್ವದಿಸು' ಅಂದುಬಿಟ್ಟರೆ ಹತ್ತು ಸೆಕೆಂಡಿಗೆ ಮುಗಿಯಿತು, ಐದು ನಿಮಿಷ ತುಂಬಬೇಕಾದರೆ ಅವರ ಬಗ್ಗೆ ಏನಾದರೂ ಗೊತ್ತಿರಬೇಕು. ಗೊತ್ತಿಲ್ಲ ಅಂತ ಅನ್ನಿಸಿದ ದಿನ ಮಾಡಬೇಕಾದ ಕೆಲಸ ಹೋಗಿ ಮಾತಾಡಿಸುವುದು.

ಪ್ರಾರ್ಥನೆಯಲ್ಲಿ ಆಗುವ ದೊಡ್ಡ ಅನಾಹುತವೆಂದರೆ, ಸಭೆಗಳಲ್ಲಿ ಅತಿ ಸಲೀಸಾಗಿ ಓಡಾಡುವ ಚಾಡಿಗೆ 'ಪ್ರಾರ್ಥನಾ ವಿಷಯ' ಅನ್ನುವ ಹೆಸರು ಅಂಟಿಕೊಂಡಿರುವುದು. ಪಕ್ಕದ ಮನೆಯ ಮಗನ ಕುಡಿತ, ಎದುರು ಮನೆಯ ವಿಚ್ಛೇದನ ಎಲ್ಲ ಕೂಟದಲ್ಲಿ ಕಣ್ಣು ಮುಚ್ಚಿಕೊಂಡೇ ಹೊರಗೆ ಬರುತ್ತವೆ. 'ಇದನ್ನು ಕೂಟದಲ್ಲಿ ಹೇಳಬಹುದಾ?' ಅಂತ ಅವರನ್ನೇ ಕೇಳಿ, ಹೂಂ ಅಂದರೆ ಮಾತ್ರ ಹೇಳಬೇಕು. ಹೆಸರು ಬಿಟ್ಟು 'ನಮ್ಮ ನೆರೆಯವರೊಬ್ಬರು' ಅಂದರೆ ಸಾಕು ಅಂತ ಕೆಲವರು ಅಂದುಕೊಂಡಿದ್ದಾರೆ. ಸಣ್ಣ ಜಾಗದಲ್ಲಿ ಅದು ಹೆಸರು ಹೇಳಿದ ಹಾಗೆಯೇ. ಒಂದು ಸಲ ಮಾತು ಸೋರಿದರೆ ಆ ಮನೆಯವರು ಮತ್ತೆ ಏನನ್ನೂ ಹೇಳಿಕೊಳ್ಳುವುದಿಲ್ಲ, ತಪ್ಪೂ ಇಲ್ಲ ಅವರದು.

ಭೇಟಿಯ ವಿಷಯದಲ್ಲಿ ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕ ನಮಗಿಂತ ಚುರುಕು. ನೆರೆಯವನ ಮನೆಯಲ್ಲಿ ಅಪರೂಪಕ್ಕೆ ಕಾಲಿಡು, ಇಲ್ಲದಿದ್ದರೆ ಬೇಸತ್ತು ದ್ವೇಷಿಸಿಯಾನು ಅನ್ನುತ್ತದೆ 25ನೇ ಅಧ್ಯಾಯ. ಬೆಳಗ್ಗೆ ಬೇಗ ಎದ್ದು ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪದ ಲೆಕ್ಕಕ್ಕೇ ಹೋಗುತ್ತದೆ ಅನ್ನುತ್ತದೆ 27ನೇ ಅಧ್ಯಾಯ. ಧ್ವನಿವರ್ಧಕ ಹುಟ್ಟುವ ಎಷ್ಟೋ ಶತಮಾನ ಮೊದಲೇ ಇದನ್ನು ಬರೆದಿಟ್ಟಿದ್ದಾರೆ.

ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ಹದಿನೈದು ನಿಮಿಷದ ಮಿತಿ ಇಟ್ಟುಕೊಂಡಿದ್ದೇನೆ. ಮೊದಲೇ ಫೋನ್ ಮಾಡಿ ಹೊತ್ತು ಕೇಳಬೇಕು. ಒಳಗೆ ಹೋದ ಮೇಲೆ ಮಂಚದ ಅಂಚಿನಲ್ಲಿ ಕೂರಬೇಡಿ. ಹಾಸಿಗೆ ಕುಸಿದರೆ ಹೊಲಿಗೆ ಹಾಕಿಸಿಕೊಂಡವರಿಗೆ ನೋವಾಗುತ್ತದೆ. ಕುರ್ಚಿಯನ್ನು ತಲೆಯ ಕಡೆಗಲ್ಲ, ಸೊಂಟದ ನೇರಕ್ಕೆ ಎಳೆದುಕೊಂಡರೆ ಅವರು ಕತ್ತು ತಿರುಗಿಸದೆ ನಿಮ್ಮ ಮುಖ ನೋಡಬಹುದು. ನಿಂತೇ ಮಾತಾಡಿದರೆ ಯಾವಾಗ ಹೊರಡುತ್ತಾರೋ ಅನ್ನಿಸುತ್ತದೆ, ಕೂತು ಐದೇ ನಿಮಿಷ ಮಾತಾಡಿದರೂ ಬಿಡುವಾಗಿ ಬಂದಿದ್ದಾರೆ ಅನ್ನಿಸುತ್ತದೆ. ರಿಪೋರ್ಟ್ ಕೇಳುವುದು, ಮದ್ದು ಹೇಳುವುದು, ಇದೇ ಕಾಯಿಲೆಯಿಂದ ಸತ್ತವರ ಸುದ್ದಿ ತೆಗೆಯುವುದು ಯಾವುದೂ ಕೂಡದು. 'ಎಲ್ಲಾ ದೇವರ ಚಿತ್ತ' ಅನ್ನುವುದನ್ನು ಕಾಯಿಲೆಯವರೇ ಹೇಳಿದರೆ ಅದು ವಿಶ್ವಾಸ, ನೋಡಲು ಬಂದವರು ಹೇಳಿದರೆ ಬಾಯಿ ಮುಚ್ಚಿಸುವ ಮಾತು. ಎಲ್ಲ ಕಳೆದುಕೊಂಡು ಕಾಯಿಲೆ ಬಿದ್ದಿದ್ದ ಬೈಬಲ್ಲಿನ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಜೊತೆಯಲ್ಲಿ ಕೂತಿದ್ದಾಗ ಅವರದು ತಪ್ಪಿರಲಿಲ್ಲ, ಬಾಯಿ ಬಿಟ್ಟು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟಿತು.

ಹೊರಡುವ ಮೊದಲು ಒಂದೇ ಸಲ, 'ನಿಮಗಾಗಿ ಪ್ರಾರ್ಥನೆ ಮಾಡಲಾ?' ಬೇಡ ಅಂದರೆ 'ಆಯ್ತು' ಅನ್ನಬೇಕು, ದನಿಯೂ ಬದಲಾಗಬಾರದು, ಮುಖವೂ. ಸರಿ ಅಂದರೆ ನಾಲ್ಕೈದು ವಾಕ್ಯ, ಅವರು ಆಗಷ್ಟೇ ಹೇಳಿದ ಮಾತುಗಳಲ್ಲೇ: ನಿದ್ದೆ ಬರುತ್ತಿಲ್ಲ ಅಂದಿದ್ದರೆ ನಿದ್ದೆಗಾಗಿ, ಆಪರೇಷನ್ನಿನ ಭಯ ಅಂದಿದ್ದರೆ ಆ ಭಯಕ್ಕಾಗಿ. ಕಣ್ಣು ಮುಚ್ಚಿಸಿ ಪ್ರಾರ್ಥನೆಯೊಳಗೆ ಪ್ರಸಂಗ ಮಾಡುವುದು ಮೋಸ.

ಶುಶ್ರೂಷೆ ಮಾಡುವವರನ್ನು ಯಾರೂ ಗಮನಿಸುವುದಿಲ್ಲ. 'ಏನಾದರೂ ಬೇಕಿದ್ದರೆ ಹೇಳಿ' ಅನ್ನುವ ಮಾತಿನಿಂದ ಉಪಯೋಗವಿಲ್ಲ, ಏನು ಬೇಕು ಅಂತ ಹುಡುಕುವ ಕೆಲಸವನ್ನೂ ಅವರ ಮೇಲೆಯೇ ಹೇರಿದಂತೆ. 'ಗುರುವಾರ ನಾಲ್ಕರಿಂದ ಆರರವರೆಗೆ ನಾನು ಇಲ್ಲಿ ಕೂತಿರುತ್ತೇನೆ, ನೀವು ಹೊರಗೆ ಹೋಗಿ ಬನ್ನಿ' ಅಂದರೆ ಅವರು ಹೂಂ ಅಥವಾ ಬೇಡ ಅಂದರೆ ಸಾಕು. ಸಾವಾದ ಮನೆಯಲ್ಲಿ ಮೊದಲ ವಾರ ಜನ ತುಂಬಿರುತ್ತಾರೆ. ಮೂರನೇ ವಾರ ಬಾಗಿಲ ಹತ್ತಿರ ಯಾರೂ ಇರುವುದಿಲ್ಲ. ನನ್ನ ಪುಸ್ತಕದಲ್ಲಿ ಸಾವಿನ ತಾರೀಕಿನ ಪಕ್ಕದಲ್ಲೇ ಮೂರನೇ ವಾರ, ಆರನೇ ವಾರ, ವರ್ಷ ತುಂಬುವ ದಿನ ಈ ಮೂರನ್ನು ಬರೆದಿಡುತ್ತೇನೆ. ಆ ದಿನಗಳಲ್ಲಿ ಸತ್ತವರ ಹೆಸರು ಹಿಡಿದು ಮಾತಾಡಿಸಬೇಕು. ಹೆಸರು ಎತ್ತಿದರೆ ಅಳುತ್ತಾರೆ ಅಂತ ಹೆದರಿ ಎಲ್ಲರೂ ತಪ್ಪಿಸುತ್ತಿರುತ್ತಾರೆ, ಆ ಹೆಸರು ಕೇಳುವುದಕ್ಕೇ ಅವರು ಕಾದಿರುತ್ತಾರೆ.

ಸಹಾಯಕ್ಕೆಂದು ಕೂಡಿಸಿದ ಹಣ ಒಬ್ಬರ ಕೈಯಲ್ಲಿ ಇರಬಾರದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯ ನೋಡಿದರೆ, ಕಾಣಿಕೆ ಸಾಗಿಸುವಾಗ ಯಾರೂ ಬೆರಳು ತೋರಿಸದಂತೆ, ಆ ಪತ್ರಿಕೆ ಬರೆದ ಅಪೊಸ್ತಲ ಪೌಲ ಜೊತೆಗೆ ಬೇರೆಯವರನ್ನೂ ಕಳಿಸುತ್ತಾನೆ. ಮೂರು ಜನ, ಒಂದು ಲೆಕ್ಕದ ಪುಸ್ತಕ, ಪ್ರತಿ ಖರ್ಚಿಗೂ ಇಬ್ಬರ ಸಹಿ. ಆದಷ್ಟು ಬಿಲ್ಲನ್ನು ನೇರವಾಗಿ ಕಟ್ಟಬೇಕು. ಸಾಲ ಕೊಡಬೇಡಿ. ಕೊಡಲಾಗುವಷ್ಟನ್ನು ಕೊಟ್ಟುಬಿಡಿ, ಆಗದಿದ್ದರೆ ಆಗದು ಅನ್ನಿ. ಸಾಲ ಕೊಟ್ಟ ಮೇಲೆ ಅವರು ನಿಮ್ಮನ್ನು ಕಂಡರೆ ರಸ್ತೆ ದಾಟುತ್ತಾರೆ, ಹಣದ ಜೊತೆ ನೆರೆಹೊರೆಯ ನಂಟೂ ಹೋಗುತ್ತದೆ. ಸಹಾಯದ ಫೋಟೋ ಬೇಡ. ಸಹಾಯ ಪಡೆದವರನ್ನು ಆ ವಾರ, ಮುಂದಿನ ವಾರ ಆರಾಧನೆಗೆ ಕರೆಯಬಾರದು, ಬೇಡ ಅನ್ನಲು ಆಗದ ಸ್ಥಿತಿಯಲ್ಲಿ ಇರುತ್ತಾರೆ ಅವರು. ತಾವಾಗಿ ಬಂದರೆ ಬರಲಿ, ಎದ್ದು ಸಾಕ್ಷಿ ಹೇಳಿ ಅನ್ನಬೇಡಿ. ಮಕ್ಕಳಿಗೆ ಬೈಬಲ್ ಕತೆ ಹೇಳುವುದಿದ್ದರೂ ತಂದೆತಾಯಿಯ ಒಪ್ಪಿಗೆ ಮೊದಲು.

ಮನೆಕೂಟಕ್ಕೆ ಆರರಿಂದ ಹತ್ತು ಜನ, ಒಂದು ಗಂಟೆ. ಹತ್ತು ನಿಮಿಷ ಬಂದು ಕೂರುವುದಕ್ಕೆ, ಹದಿನೈದು ವಾಕ್ಯ ಓದುವುದಕ್ಕೆ, ಇಪ್ಪತ್ತು ಮಾತಿಗೆ, ಹತ್ತು ಪ್ರಾರ್ಥನೆಗೆ, ಐದು ಮುಗಿಸುವುದಕ್ಕೆ. ತ್ರೋವ ಎಂಬ ಊರಿನಲ್ಲಿ ಪೌಲ ಮಧ್ಯರಾತ್ರಿವರೆಗೆ ಮಾತು ಬೆಳೆಸಿದಾಗ ಕಿಟಕಿಯಲ್ಲಿ ಕೂತಿದ್ದ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲನಿಗೇ ಹಾಗಾದರೆ ನಮ್ಮ ಮಾತಿಗೆ ಎಷ್ಟು ಹೊತ್ತು ಎದ್ದಿರುತ್ತಾರೆ! ಪ್ರಶ್ನೆ ಕೇಳಿದ ಮೇಲೆ ನಡೆಸುವವರು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಬೇಕು. ಸಾಮಾನ್ಯವಾಗಿ ಏಳಕ್ಕೇ ಸಹನೆ ಕೆಟ್ಟು ತಾವೇ ಉತ್ತರ ಹೇಳಿಬಿಡುತ್ತಾರೆ, ಎರಡು ವಾರ ಹೀಗಾದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. 'ಅಭಿಷೇಕ', 'ಭಾರ', 'ಬಂಧನ' ಮುಂತಾದ ಸಭೆಯ ಮಾತುಗಳನ್ನು ಹೊಸಬರು ಇದ್ದಾಗ ಬಿಡಿಸಿ ಹೇಳಬೇಕು.

ಪಕ್ಕದ ಮನೆಗೆ ಕೂಟ ಎಲ್ಲಕ್ಕಿಂತ ಮೊದಲು ಸದ್ದು. ಬಾಗಿಲ ಮುಂದೆ ಹರಡಿದ ಚಪ್ಪಲಿ, ಅವರ ಗೇಟಿಗೆ ಅಡ್ಡ ನಿಂತ ಗಾಡಿ, ಮುಗಿದ ಮೇಲೂ ಅರ್ಧ ಗಂಟೆ ರಸ್ತೆಯಲ್ಲಿ ಹರಟೆ. ಮೊದಲೇ ಹೋಗಿ ದಿನ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ತಿಳಿಸಿ, ತೊಂದರೆಯಾದರೆ ಕರೆಯಿರಿ ಅಂತ ನಂಬರ್ ಕೊಟ್ಟು ಬರಬೇಕು. ಹಾಡುವಾಗ ಒಬ್ಬರು ಹೊರಗೆ ಹೋಗಿ ಪಕ್ಕದವರ ಗೋಡೆಯ ಹತ್ತಿರ ನಿಂತು ಕೇಳಲಿ. ಅಲ್ಲಿ ಪದಗಳು ಬಿಡಿಬಿಡಿಯಾಗಿ ಕೇಳಿಸಿದರೆ ದನಿ ಜಾಸ್ತಿ. ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಆ ತಿಂಗಳು ಹಾಡು ಬಿಡಬೇಕು.

ನಂಬಿಕೆಯ ಬಗ್ಗೆ ಮಾತು ಯಾವಾಗ? ಪೇತ್ರನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಸಿದ್ಧವಾಗಿರಬೇಕು ಅಂದಿರುವುದು ಕೇಳಿದವರಿಗೆ ಉತ್ತರ ಕೊಡಲು, ಅದೂ ಸಾತ್ವಿಕತ್ವದಿಂದ. ಎರಡು ನಿಮಿಷದ ಉತ್ತರವೊಂದನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ: ಏನು ನಂಬುತ್ತೇನೆ, ಯಾಕೆ, ಅದರಿಂದ ದಿನದ ಬದುಕಿನಲ್ಲಿ ಏನು ಬದಲು. ಎರಡು ನಿಮಿಷಕ್ಕೆ ನಿಲ್ಲಿಸಿ. ಬೇಕಿದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ. ಅವರ ನಂಬಿಕೆಯನ್ನು ಹೀಗಳೆದು ನಮ್ಮದನ್ನು ಎತ್ತಿ ಹಿಡಿಯುವವರ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ಅತಿ ಕಷ್ಟದ್ದು ಒಂಬತ್ತನೇ ಮನೆ, ನಮ್ಮದೇ. ಯೇಸುವಿನ ತಮ್ಮಂದಿರೇ ಆತನನ್ನು ನಂಬಲಿಲ್ಲ ಅಂತ ಯೋಹಾನ ತನ್ನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಮನೆಯವರು ಕೂಟದ ಪ್ರಾರ್ಥನೆಯನ್ನು ಗಮನಿಸುವುದಿಲ್ಲ, ಕೂಟ ಮುಗಿದ ಮೇಲೆ ಕುರ್ಚಿ ಎತ್ತಿಟ್ಟು ನೆಲ ಒರೆಸಿದವರು ಯಾರು ಅನ್ನುವುದನ್ನು ನೋಡುತ್ತಾರೆ. ಆದ್ದರಿಂದ ಸೇವೆಗೆ ವಾರಕ್ಕೆ ಎರಡು ಸಂಜೆ, ಅದಕ್ಕಿಂತ ಒಂದೂ ಹೆಚ್ಚಲ್ಲ. ಮೂರನೆಯದಕ್ಕೆ ಕರೆ ಬಂದರೆ ಮನೆಯಲ್ಲಿ ಕೇಳಿಯೇ ಹೂಂ ಅನ್ನಬೇಕು. ಅವರ ಹೆಸರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ, ಅದೇ ಎರಡು ಕಾಲಮ್ಮು. ನನ್ನದರಲ್ಲಿ ಎಡ ಬಲ ಸರಿಹೊಂದದ ಪುಟ ಹೆಚ್ಚಾಗಿ ಅದೇ.

ಮೂರು ತಿಂಗಳಿಗೊಮ್ಮೆ ಪುಸ್ತಕ ತಿರುವಿಹಾಕಿ ಉಳಿದ ಎಡಗಡೆಯ ಸಾಲುಗಳನ್ನು ಹೊಸ ಪುಟಕ್ಕೆ ಇಳಿಸುತ್ತೇನೆ. ಮಾಡಲಾಗದು ಅಂತ ಖಚಿತವಾದದ್ದನ್ನು ಸುಮ್ಮನೆ ಹೊಡೆದುಹಾಕುವುದಿಲ್ಲ, ಆ ಮನೆಗೆ ಹೋಗಿ ಆಗಲಿಲ್ಲ ಅಂತ ಹೇಳಿ ಬಂದ ಮೇಲೆ ಹೊಡೆಯುತ್ತೇನೆ. ಯಾವುದಾದರೂ ಮನೆಯವರು ಬೇರೆ ಕಡೆ ಹೋದರೆ ಅವರ ಪುಟವನ್ನು ಹರಿದು ಸುಟ್ಟು, ಹೊಸದಾಗಿ ಬಂದವರ ಹೆಸರು ಕೇಳಲು ಹೋಗುತ್ತೇನೆ.