"ಒತ್ತಡ ಎಲ್ಲಿಂದ ಬರ್ತದೆ ಮೇಡಂ, ಅರ್ಧ ಇಂಚು ನೀರಿಗೆ?" – ಕೋಲಾರದಲ್ಲಿ ನನ್ನ ಪಿಎಚ್‌ಡಿ

ಮುಳಬಾಗಿಲು ಕಡೆಯ ಒಂದು ಹಳ್ಳಿ. ಟೊಮೆಟೊ ತೋಟದ ಬದುವಿನ ಮೇಲೆ ಕೂತಿದ್ದೆವು. ನನ್ನ ತೊಡೆ ಮೇಲೆ ಪ್ರಶ್ನಾವಳಿ, ಎದುರಿಗೆ ಅರವತ್ತು ದಾಟಿದ ರೈತರೊಬ್ಬರು. ಮೂರನೇ ಪ್ರಶ್ನೆ ಓದಿದೆ: "ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ನಿಮಗೆ ಒತ್ತಡ ಉಂಟಾಯಿತು?" ಅವರು ಬೋರ್‌ವೆಲ್ ಕಡೆ ತಿರುಗಿ ನೋಡಿದರು. "ಒತ್ತಡ ಎಲ್ಲಿಂದ ಬರ್ತದೆ ಮೇಡಂ, ಅರ್ಧ ಇಂಚು ನೀರಿಗೆ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರದೂ ಸೇರಿ ಅಷ್ಟು ಹೊತ್ತಿಗೆ ಅಂಥ 41 ಫಾರಂ ತುಂಬಿಸಿ ಆಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಯೋಚನೆ. ಉಳಿದ 40 ಜನ ಏನಂತ ತಿಳ್ಕೊಂಡು ಉತ್ತರ ಕೊಟ್ಟರು? ಮನೆಗೆ ಬಂದು ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕಿದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಆಗ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಾಲೇಜಿಗೆ ರಜೆ ಬಂದರೆ ಸಂಬಳಕ್ಕೂ ರಜೆ. ಮನಃಶಾಸ್ತ್ರದ ಪಿಎಚ್‌ಡಿಗೆ ಸೇರಿದ್ದು 2019ರಲ್ಲಿ. ಎಂ.ಎಸ್ಸಿಯಲ್ಲಿ ಶೇಕಡ 55 ಇರಬೇಕು, ಮೀಸಲಾತಿಯವರಿಗೆ 5 ಅಂಕದ ರಿಯಾಯಿತಿ. ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಈಗ 2024ರಿಂದ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕದ ಮೇಲೂ ಪ್ರವೇಶ ಕೊಡುತ್ತಾರೆ, ಅದು ವಾಸಿ. ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕವರಿಗೆ ಈಗ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ನನಗೆ ಸಿಕ್ಕಿರಲಿಲ್ಲ. ಕೋರ್ಸ್‌ವರ್ಕ್‌ಗೆ, ಅಂದರೆ ಪಿಎಚ್‌ಡಿ ಶುರುವಿನ ತರಗತಿಗಳಿಗೆ, ಬಂಗಾರಪೇಟೆಯಿಂದ ಬೆಂಗಳೂರಿಗೆ ಬೆಳಗಿನ ರೈಲು. ಓದಿದ್ದರಲ್ಲಿ ಅರ್ಧ ನಿಂತುಕೊಂಡೇ ಓದಿದ್ದು.

ವಿಷಯ ಏನು ಅಂತ ಕೇಳಿದಾಗ ಮೊದಲು ಬರೆದುಕೊಟ್ಟಿದ್ದು "ಪದವಿ ವಿದ್ಯಾರ್ಥಿಗಳಲ್ಲಿ ಒತ್ತಡ ಮತ್ತು ಹೊಂದಾಣಿಕೆ". ಗೈಡ್ ಒಂದು ನಿಮಿಷ ನೋಡಿ, "ಇದನ್ನ ಒಂದ್ಸಲ ಶೋಧಗಂಗಾದಲ್ಲಿ ಹುಡುಕಮ್ಮ" ಎಂದರು. ದೇಶದ ಥೀಸಿಸ್‌ಗಳೆಲ್ಲ ಬಂದು ಸೇರುವ ಜಾಗ ಅದು. ಹುಡುಕಿದೆ. ಪುಟದ ಮೇಲೆ ಪುಟ ಬಂತು. ಜಿಲ್ಲೆಯ ಹೆಸರು ಮಾತ್ರ ಬೇರೆ ಬೇರೆ.

ಆವತ್ತು ಸಂಜೆ ಬಸ್ಸು ಕೋಲಾರದ ಎಪಿಎಂಸಿ ಹತ್ತಿರ ಲಾರಿಗಳ ಮಧ್ಯೆ ಸಿಕ್ಕಿಕೊಂಡಿತು. ಎತ್ತ ನೋಡಿದರೂ ಟೊಮೆಟೊ ಬಾಕ್ಸು. ನಮ್ಮಪ್ಪನೂ ಟೊಮೆಟೊ ಬೆಳೆದವರೇ. ರೇಟು ಬಿದ್ದ ದಿನ ಮಂಡಿಯಿಂದ ಬಂದು "ಹೊಟ್ಟೆ ತುಂಬಿದೆ" ಎನ್ನುತ್ತಿದ್ದರು. ಅಮ್ಮ ಎರಡನೇ ಸಲ ಕರೆಯುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಮಂಡಿಯವರು ಊಟ ಹಾಕುತ್ತಾರೆ ಅಂತಲೇ ನಂಬಿದ್ದೆ. ಲಾರಿ ಸರಿಯುವಷ್ಟರಲ್ಲಿ ವಿಷಯ ಸಿಕ್ಕಿತ್ತು: ಬೆಲೆಯ ಏರಿಳಿತ ಮತ್ತು ಟೊಮೆಟೊ ಬೆಳೆಗಾರರ ಮನಸ್ಸು.

ಆಮೇಲೆ ಕೋವಿಡ್ ಬಂತು. ಎರಡು ವರ್ಷ ಬರೀ ಓದು. ಹೊಲಕ್ಕೆ ಹೋಗಿದ್ದು 2022ರಲ್ಲಿ.

ಒತ್ತಡ ಅಳೆಯಲು ನಾನು ತೆಗೆದುಕೊಂಡ ಅಳತೆಗೋಲು 1983ರಲ್ಲಿ ಅಮೆರಿಕದಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಮಾಡಿದ್ದು. ಅದರ ಚಿಕ್ಕ ರೂಪದಲ್ಲಿ 10 ಪ್ರಶ್ನೆ. ಒಂದೊಂದಕ್ಕೂ 0ರಿಂದ 4, ಒಟ್ಟು 40. ಅನುವಾದದ ಪದ್ಧತಿಯನ್ನು ಪುಸ್ತಕದಲ್ಲಿ ಇದ್ದಂತೆಯೇ ಮಾಡಿದ್ದೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು, ಮೂಲ ನೋಡದ ಇನ್ನೊಬ್ಬರು ಕನ್ನಡದಿಂದ ಇಂಗ್ಲಿಷಿಗೆ ಒಯ್ಯುವುದು, ಎರಡನ್ನೂ ಹೋಲಿಸುವುದು. ಅಚ್ಚುಕಟ್ಟಾಗಿ ಹೊಂದಿತ್ತು. ಹೊಂದದೇ ಏನು? ಇಬ್ಬರೂ ಕಾಲೇಜಿನ ಮೇಷ್ಟ್ರು. ಅವರಿಗೆ 'ಒತ್ತಡ' ಅಂದರೆ ಸ್ಟ್ರೆಸ್ಸು, ಸ್ಟ್ರೆಸ್ ಅಂದರೆ ಒತ್ತಡ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದವರೂ ಅವರೇ, 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಯದು. ಗಾಳಿಯಲ್ಲಿ ಬರುವ ಮಾತಿಗೆ ಅಷ್ಟು ಬೇಗ ಪದ ಸಿಕ್ಕಿತು. ಬದುವಿನ ಮೇಲೆ ಕೂತವರ ಸಂಕಟಕ್ಕೆ ನಾನು ಹತ್ತಿರ ಹತ್ತಿರ ನೂರು ವರ್ಷದ ಮೇಲೂ ಹುಡುಕುತ್ತಿದ್ದೆ.

ಹಾಗಾಗಿ ಎರಡನೇ ಸಲ ಉತ್ತರ ಕೇಳಲೇ ಇಲ್ಲ. ಹನ್ನೆರಡು ಜನರ ಹತ್ತಿರ ಕೂತು ಒಂದೊಂದು ಪ್ರಶ್ನೆ ಓದಿ, "ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ" ಎಂದೆ. ನನ್ನ ಇಡೀ ಪಿಎಚ್‌ಡಿಯಲ್ಲಿ ಅತಿ ಹೆಚ್ಚು ಕಲಿತಿದ್ದು ಈ ಮೂರು ವಾರದಲ್ಲೇ. ತಲೆಬಿಸಿ, ಎದೆ ಭಾರ, ಯೋಚನೆ ಹತ್ಕೊಂಡಿದೆ, ಕೈಕಾಲು ಆಡಲ್ಲ – ಎಷ್ಟೊಂದು ಮಾತು ಬಂದವು. ನಮ್ಮ ಕಡೆ ಇನ್ನೊಂದು ವಿಷಯ ಇದೆ. ಬಹಳ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಫಾರಂ ನೋಡುವಾಗ ಕನ್ನಡದಲ್ಲಿ "ಏನಿಲ್ಲ, ಚೆನ್ನಾಗಿದ್ದೀನಿ" ಎಂದ ಹೆಂಗಸು, ಪೆನ್ನು ಒಳಗಿಟ್ಟ ಮೇಲೆ ತೆಲುಗಿನಲ್ಲಿ "ಮನಸು ಬಾಗಲೇದಮ್ಮಾ" ಎಂದಳು. ಮನಸ್ಸು ಚೆನ್ನಾಗಿಲ್ಲ ಅಂತ. ಅಂದಿನಿಂದ ಎರಡು ಭಾಷೆಯ ಫಾರಂ ಒಯ್ಯುತ್ತಿದ್ದೆ. ಮೂರನೇ ಪ್ರಶ್ನೆ ಕೊನೆಗೆ ಹೀಗಾಯಿತು: "ಹೋದ ಅಮಾವಾಸ್ಯೆಯಿಂದ ಈಚೆಗೆ ಯೋಚನೆ ಹತ್ತಿಕೊಂಡು, ಎದೆ ಡವಡವ ಅಂದು ತಲೆಬಿಸಿ ಆಗಿದ್ದು ಎಷ್ಟು ಸಲ?" ತಿಂಗಳು ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಗೊಂದಲ ಆಗುತ್ತಿತ್ತು. ಅಮಾವಾಸ್ಯೆ ಯಾರೂ ಮರೆಯಲ್ಲ.

'ಕೆಲವೊಮ್ಮೆ', 'ಸಾಕಷ್ಟು ಸಲ' ಇವುಗಳ ನಡುವಿನ ವ್ಯತ್ಯಾಸವೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಟವೆಲ್ ಹಾಸಿ ನಾಲ್ಕು ಹುಣಸೆ ಬೀಜ ಇಟ್ಟೆ. ಏನೂ ಇಲ್ಲದಿದ್ದರೆ ಹಾಗೇ ಬಿಡಿ, ತುಂಬ ಇದ್ದರೆ ನಾಲ್ಕನ್ನೂ ನನ್ನ ಕಡೆ ತಳ್ಳಿ. ಒಬ್ಬ ಅಜ್ಜಿ ನಾಲ್ಕನ್ನೂ ತಳ್ಳಿ, ಆಮೇಲೆ ಒಂದನ್ನು ವಾಪಸ್ ಎಳೆದುಕೊಂಡಳು. "ಮೊಮ್ಮಗ ಬಂದಿದ್ನಲ್ಲ, ಆವತ್ತು ಇರಲಿಲ್ಲ." ಮೂರು ಅಂತ ಬರೆದುಕೊಂಡೆ. ಗೈಡ್‌ಗೆ ಈ ಬೀಜ ಮೊದಲು ಹಿಡಿಸಲಿಲ್ಲ. ಬೀಜ ಇಟ್ಟು ಒಂದು ಸಲ, ಇಡದೆ ಒಂದು ಸಲ ಸಣ್ಣ ಗುಂಪಿನಲ್ಲಿ ಪರೀಕ್ಷಿಸಿ ತೋರಿಸಿದ ಮೇಲೆ ಒಪ್ಪಿದರು.

ಸಹಿ ಇನ್ನೊಂದು ತಲೆನೋವು. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಅನ್ನುವುದು ನಿಯಮ. "ಸಹಿ ಬೇಡ ಕಣಮ್ಮ, ಸಹಿ ಹಾಕಿ ಹಾಕಿಯೇ ಇಷ್ಟು ಸಾಲ ಆಗಿದ್ದು" ಎಂದವರು ಒಬ್ಬಿಬ್ಬರಲ್ಲ. ಬಾಯಿಮಾತಿನ ಒಪ್ಪಿಗೆ, ಪಕ್ಕದವರ ಸಾಕ್ಷಿ ಸಾಕು ಅಂತ ನೈತಿಕ ಸಮಿತಿಯಿಂದ ಬದಲಾವಣೆ ಮಾಡಿಸಿಕೊಂಡೆ. ಅದೇ ಸಮಿತಿ ನನಗೆ ಒಂದು ಒಳ್ಳೆ ಪ್ರಶ್ನೆಯನ್ನೂ ಕೇಳಿತ್ತು. ಖಿನ್ನತೆ ಅಳೆಯಲು ನಾನು ಬಳಸಿದ ಪಿಎಚ್‌ಕ್ಯೂ–9ರಲ್ಲಿ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇದೆ. ಯಾರಾದರೂ ಹೌದು ಅಂದರೆ ಏನು ಮಾಡ್ತೀರಿ? ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಮಾತಾಡಿ, ಯಾರನ್ನು ಯಾವಾಗ ಕಳಿಸಬೇಕು ಅಂತ ಬರೆಸಿಕೊಂಡು ಬಂದೆ. ಹೌದು ಅಂದವರು ಸಿಕ್ಕರು. ಅವತ್ತು ಮುಂದಿನ ಫಾರಂ ತೆಗೆಯಲಿಲ್ಲ. ಅವರ ಮಗನನ್ನೂ ಕರೆದುಕೊಂಡು ಜೊತೆಗೇ ಆಸ್ಪತ್ರೆಗೆ ಹೋದೆ. ಇದಕ್ಕಿಂತ ಜಾಸ್ತಿ ಆ ಬಗ್ಗೆ ಬರೆಯಲ್ಲ.

ಇನ್ನು ನಾನು ಮಾಡಿದ ಪೆದ್ದು ಕೆಲಸ. ಒತ್ತಡದ ಆ 10 ಪ್ರಶ್ನೆಗಳಲ್ಲಿ 4, 5, 7, 8ನೇ ಪ್ರಶ್ನೆ ಉಲ್ಟಾ ಇರುತ್ತವೆ. ಅವು ಒಳ್ಳೆಯದನ್ನು ಕೇಳುತ್ತವೆ, ಆದ್ದರಿಂದ 4 ಬಂದರೆ 0 ಅಂತ ತಿರುಗಿಸಬೇಕು. ತರಗತಿಯಲ್ಲಿ ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಆದರೂ ಅಂಕಿ–ಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ಗೆ ಹಾಗೇ ತುಂಬಿದೆ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಆಲ್ಫಾ 0.7 ಆದರೂ ಬರಬೇಕಿತ್ತು, ಹತ್ತಿರವೂ ಬರಲಿಲ್ಲ. ಎರಡು ರಾತ್ರಿ ಬೀಜವನ್ನು ಬೈದುಕೊಂಡೆ. ಮೂರನೇ ದಿನ ಕಾಲೇಜಿನಲ್ಲಿ ಅದೇ ಪಾಠ ಮಾಡುವಾಗ ಹೊಳೆಯಿತು. ಪಾಠ ಅರ್ಧಕ್ಕೆ ನಿಲ್ಲಿಸಲಿಲ್ಲ, ಆದರೆ ಏನು ಹೇಳಿದೆನೋ ನೆನಪಿಲ್ಲ.

ಅಷ್ಟರಲ್ಲಿ 2023ರ ಜುಲೈ. ಬೇಸಿಗೆಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟಲ್ಲ ಅಂತ ಹಣ್ಣು ಗಿಡದಲ್ಲೇ ಬಿಟ್ಟ ತೋಟ ನೋಡಿದ್ದೆ. ಈಗ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ನನ್ನ ಅರ್ಧ ಫಾರಂ ಬೆಲೆ ಬಿದ್ದಾಗಿನದು, ಇನ್ನರ್ಧ ಈಗಿನದು. ಎಲ್ಲ ಕೆಟ್ಟಿತು ಅಂತ ಅತ್ತೆ. ಗೈಡ್ ಸಮಾಧಾನವಾಗಿ, "ನಿನ್ನ ವಿಷಯವೇ ಏರಿಳಿತ ಅಲ್ವಾ?" ಎಂದರು. ಪ್ರತಿ ಫಾರಂ ಮೇಲೂ ತಾರೀಖು ಇತ್ತು. ಆ ದಿನದ ಮಂಡಿ ರೇಟು ಹುಡುಕಿ ಪಕ್ಕದಲ್ಲಿ ಬರೆದೆ. ಮೊದಲು ಮಾತಾಡಿಸಿದ್ದವರಲ್ಲಿ ಸಿಕ್ಕವರನ್ನೆಲ್ಲ ಮತ್ತೆ ಮಾತಾಡಿಸಿದೆ.

ರೇಟು ಏರಿದರೆ ಬೀಜ ಕಡಿಮೆ ಆಗುತ್ತದೆ ಅಂತ ಕಾದೆ. ಕೆಲವರಿಗೆ ಆಯಿತು. ಆದರೆ ತೋಟದಲ್ಲಿ ಹಣ್ಣಿದ್ದವರು ಕಳ್ಳರ ಭಯಕ್ಕೆ ರಾತ್ರಿಯೆಲ್ಲ ಟಾರ್ಚ್ ಹಿಡಿದು ಕೂತಿದ್ದರು. ಎಲೆ ಮುದುರು ರೋಗಕ್ಕೆ ಬೇಸತ್ತು ಗಿಡ ಕಿತ್ತು ಹಾಕಿದ್ದವರಂತೂ ಬೀಜದ ಕಡೆ ನೋಡಲೂ ಇಲ್ಲ, "ಎಲ್ಲ ನೀವೇ ಇಟ್ಕೊಳಿ" ಎಂದರು. ಬೆಲೆ ಬಿದ್ದಾಗ ಊರಿಗೆಲ್ಲ ಒಂದೇ ಸಂಕಟ. ಏರಿದಾಗ ಪಕ್ಕದವನ ಲಾರಿ ನೋಡಿಕೊಂಡು ಒಬ್ಬೊಬ್ಬರೇ ಪಡುವ ಸಂಕಟ. ನನ್ನ ಐದನೇ ಅಧ್ಯಾಯ ಇದೇ. ಮೊದಲು ಬರೆದುಕೊಟ್ಟ ಸಂಶೋಧನೆಯ ರೂಪರೇಷೆಯಲ್ಲಿ (ಸಿನಾಪ್ಸಿಸ್) ಇದರ ಸುಳಿವೂ ಇರಲಿಲ್ಲ.

ಉಳಿದಿದ್ದು ಕಚೇರಿ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕು ದಿನದಲ್ಲಿ ಅಚ್ಚು ಹಾಕುತ್ತೇವೆ, ದುಡ್ಡು ಕಳಿಸಿ ಅನ್ನುವ ಜರ್ನಲ್‌ಗಳು ಮೇಲ್ ಮಾಡುತ್ತಲೇ ಇರುತ್ತವೆ, ಸುಮ್ನೆ ಅಳಿಸಿ. ನಕಲು ಪರೀಕ್ಷೆಯಲ್ಲಿ ಹೋಲಿಕೆ ಶೇಕಡ 10ರ ಒಳಗಿರಬೇಕು. ನಮ್ಮ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಮೂರು ತಿಂಗಳು ಹಿಡಿದಿತ್ತು. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ, ನನ್ನನ್ನು ಉಳಿಸಿದ್ದು ಅದೇ.

ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾದಲ್ಲಿ ಹೊರಗಿನ ಪರೀಕ್ಷಕರು ಅಂಕಿ–ಅಂಶದ ಬಗ್ಗೆ ಎರಡೇ ಪ್ರಶ್ನೆ ಕೇಳಿದರು. ಆಮೇಲೆ ಅರ್ಧ ಗಂಟೆ ಹುಣಸೆ ಬೀಜ. ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಎರಡನ್ನು ನನ್ನ ಕಡೆ ತಳ್ಳಿ, "ಇವತ್ತಿಗೆ ಇಷ್ಟು" ಎಂದರು.

ಈಗ ಹೆಸರಿನ ಮುಂದೆ ಡಾ. ಇದೆ, ಊರಲ್ಲಿ ಅದೇ ತೊಂದರೆ. ಹೋದ ವಾರ ಪಕ್ಕದ ಬೀದಿಯ ಅಕ್ಕ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ರಾತ್ರಿ ನಿದ್ದೆ ಮಾಡುತ್ತಿಲ್ಲ, ಮಾತ್ರೆ ಬರೆದುಕೊಡು ಅಂತ. "ಅಕ್ಕ, ನಾನು ಮಾತ್ರೆ ಕೊಡೋ ಡಾಕ್ಟರ್ ಅಲ್ಲ" ಎಂದೆ. ಮಾತ್ರೆ ಬರೆಯುವವರು ಮನೋವೈದ್ಯರು. ಚಿಕಿತ್ಸೆಯ ಕೆಲಸಕ್ಕೆ ಕ್ಲಿನಿಕಲ್ ಸೈಕಾಲಜಿಯ ಬೇರೆ ತರಬೇತಿ, ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ನನ್ನ ಪಿಎಚ್‌ಡಿಗೆ ಅದು ಬರಲ್ಲ. ಅಕ್ಕನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. "ಮತ್ತೆ ಆರು ವರ್ಷ ಏನ್ ಓದಿದೆ?" ಎಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ ನಂಬರ್ 14416 ಚೀಟಿಯಲ್ಲಿ ಬರೆದುಕೊಟ್ಟೆ. ಹುಡುಗನಿಗೆ ಕಾಫಿ ಕೊಟ್ಟು, ನಿದ್ದೆ ಬರದೇ ಇದ್ದಾಗ ಏನು ಯೋಚನೆ ಬರುತ್ತದೆ ಅಂತ ಕೇಳಿದೆ. ಅವನು ಅಮ್ಮನ ಕಡೆ ನೋಡಿದ. ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಹುಳಿ ಉಪ್ಪಿನಕಾಯಿ ತೋರಿಸುತ್ತಾ ಕೂರಿಸು ಅಂತ ನಮ್ಮತ್ತೆಗೆ ಸನ್ನೆ ಮಾಡಿದೆ.