ಪೆನ್ ಟ್ಯಾಬ್ಲೆಟ್‌ನಲ್ಲಿ ಬೋರ್ಡ್ ಅಕ್ಷರ: ನನ್ನ ಅನುಭವ

ಸ್ಟೈಲಸ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಬರೆಯುವ ಪೆನ್ನಿನಲ್ಲಿ, ಕನ್ನಡ ಅಕ್ಷರ ಕೂರುವುದಿಲ್ಲ ಅಂತ ನನಗೆ ಹೇಳಿದವರೆಲ್ಲ ಬೋರ್ಡ್ ಬರೆಯುವವರೇ. ಸಾಗರದಲ್ಲೂ ಹೇಳಿದರು, ಶಿವಮೊಗ್ಗದ ದುರ್ಗಿಗುಡಿ ಕಡೆಯವರೂ ಹೇಳಿದರು. ಈಗ ನನ್ನ ಅರ್ಧಕ್ಕಿಂತ ಜಾಸ್ತಿ ಕೆಲಸ ಸ್ಟೈಲಸ್‌ನಲ್ಲೇ ಆಗುತ್ತಿದೆ, ದುಡ್ಡೂ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರಿತಾ, ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಗೊತ್ತಿರುವವರಿಗೆ ಇದು. ಅವುಗಳ ಪಾಠ ಇಲ್ಲಿಲ್ಲ.

ನಾನು ಈ ಕಡೆ ಬಂದಿದ್ದೇ ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಎನಾಮಲ್ ಪೇಂಟ್ ಒಣಗುವುದೇ ಇಲ್ಲ. ಬೆಳಿಗ್ಗೆ ಬರೆದ ಅಕ್ಷರ ಮಾರನೇ ದಿನ ಸಂಜೆಗೂ ಬೆರಳಿಗೆ ಅಂಟುತ್ತದೆ. ಅಷ್ಟು ತಿಂಗಳು ಕೈ ಕಟ್ಟಿ ಕೂರಬೇಕು. ಇನ್ನೊಂದು ಕಡೆ, 2024ರಲ್ಲಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವ ಕಾನೂನು ಬಂದ ಮೇಲೆ ಅಂಗಡಿಯವರು ಬೋರ್ಡ್ ಬದಲಿಸಲು ಓಡಾಡಿದರು. ಸಿಕ್ಕಿದ್ದೇನು? ಎಲ್ಲರಿಗೂ ಅದೇ ನಾಲ್ಕು ಫಾಂಟ್. ಬಟ್ಟೆ ಅಂಗಡಿಗೂ ಅದೇ, ಗೊಬ್ಬರದ ಅಂಗಡಿಗೂ ಅದೇ. ಕೈ ಅಕ್ಷರವನ್ನು ಕಂಪ್ಯೂಟರಿಗೆ ತಂದರೆ ಗಿರಾಕಿ ಸಿಗುತ್ತಾರೆ ಅಂತ ನನಗೆ ಆಗಲೇ ಖಾತ್ರಿಯಾಗಿತ್ತು.

ಮೊದಲು ಹೋದ ದುಡ್ಡಿನ ಲೆಕ್ಕ. ಹದಿನೈದು ಸಾವಿರದ ಹತ್ತಿರದ ಒಂದು ಆಂಡ್ರಾಯ್ಡ್ ಟ್ಯಾಬ್, ಜೊತೆಗೆ ಇನ್ನೂರು ಮುನ್ನೂರರ ರಬ್ಬರ್ ತುದಿಯ ಪೆನ್ನು. ಅದರಲ್ಲಿ ಒತ್ತಡವೇ ಗೊತ್ತಾಗುವುದಿಲ್ಲ, ಗೆರೆ ಶುರುವಿನಿಂದ ಕೊನೆವರೆಗೂ ಒಂದೇ ದಪ್ಪ. ಕೈ ಊರಿದರೆ ಅಲ್ಲೂ ಗೆರೆ ಬೀಳುತ್ತದೆ. ಮಳೆಗಾಲದ ತೇವದ ಕೈ ಆದರಂತೂ ಮುಟ್ಟದ ಕಡೆಯಲ್ಲೂ ಮುಟ್ಟಿದ ಹಾಗೆ ಆಡುತ್ತಿತ್ತು. ಆಮೇಲೆ ಪರಿಚಯದವರ ಟಚ್ ಲ್ಯಾಪ್‌ಟಾಪ್, ಬ್ಯಾಟರಿ ಹಾಕುವ ಪೆನ್ನಿನದ್ದು, ಸ್ವಲ್ಪ ದಿನಕ್ಕೆ ತಂದೆ. ಒತ್ತಡ ಬಂತು. ಆದರೆ ಓರೆ ಗೆರೆ ನಿಧಾನವಾಗಿ ಎಳೆದರೆ ಸಣ್ಣ ಸಣ್ಣ ಅಲೆ. ಆ ಬಗೆಯ ಸ್ಕ್ರೀನ್‌ಗಳಲ್ಲಿ ಇದು ಹಳೇ ಕಾಯಿಲೆ. ಸರಸರ ಗೀಚುವ ಚಿತ್ರಕ್ಕೆ ನಡೆಯುತ್ತದೆ. ಬೋರ್ಡ್ ಅಕ್ಷರ ಬರೆಯುವ ಕೈ ಓಡುವುದು ನಿಧಾನಕ್ಕೇ ಅಲ್ವಾ?

ಕೊನೆಗೆ ಹಿಡಿದಿದ್ದು ಸ್ಕ್ರೀನ್ ಇಲ್ಲದ, ಬರೀ ಕಪ್ಪು ಹಲಗೆಯಂಥ ಪೆನ್ ಟ್ಯಾಬ್ಲೆಟ್. ಅದರ ಮೇಲೆ ಬರೆದದ್ದು ಲ್ಯಾಪ್‌ಟಾಪ್ ತೆರೆಯಲ್ಲಿ ಮೂಡುತ್ತದೆ. ಹ್ಯೂಯಾನ್ ಕಂಪನಿಯದು, ಹತ್ತು ಇಂಚು ಅಗಲ, ಆರೂಕಾಲು ಎತ್ತರ. ಆರೇಳು ಸಾವಿರ ಆಯಿತು. ಇದರ ಪೆನ್ನಿಗೆ ಬ್ಯಾಟರಿ ಇಲ್ಲ, ಹಲಗೆಯ ಒಳಗಿನ ತಂತಿ ಸುರುಳಿಗಳೇ ಪೆನ್ನಿಗೆ ಶಕ್ತಿ ಕೊಡುತ್ತವೆ. ವಾಕಾಮ್ ಹಲಗೆಗಳಲ್ಲೂ, ಸ್ಯಾಮ್‌ಸಂಗ್ ಎಸ್ ಪೆನ್‌ನಲ್ಲೂ ಇದೇ ತಂತ್ರ. ಆರು ಇಂಚಿನದು ಅರ್ಧ ದುಡ್ಡಿಗೆ ಸಿಗುತ್ತದೆ, ಆದರೆ ತಗೋಬೇಡಿ. ಅದರಲ್ಲಿ ಬೆರಳು ಮಾತ್ರ ಓಡುತ್ತದೆ. ನಮ್ಮ ಅಕ್ಷರ ಬರುವುದು ಮೊಣಕೈಯಿಂದ. 4096 ಮಟ್ಟದ ಒತ್ತಡವೋ 8192 ಮಟ್ಟದ್ದೋ ಅಂತ ತಲೆ ಕೆಡಿಸಿಕೊಳ್ಳುವುದೂ ಬೇಡ, ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಆಪಲ್ ಪೆನ್ಸಿಲ್ ಕಡೆ ಹೋಗುವವರು ಒಂದು ನೋಡಿಕೊಳ್ಳಿ: 2023ರಲ್ಲಿ ಬಂದ ಕಡಿಮೆ ಬೆಲೆಯ ಯುಎಸ್‌ಬಿ-ಸಿ ಪೆನ್ಸಿಲ್‌ನಲ್ಲಿ ಒತ್ತಡದ ಸೌಲಭ್ಯವೇ ಇಲ್ಲ. ಅಕ್ಷರದ ಕೆಲಸಕ್ಕೆ ಅದು ದಂಡ.

ಹಲಗೆ ಬಂದ ದಿನ ನಾನು ಮೊದಲು ಬರೆದು ನೋಡಿದ್ದು ಠ. ದುಂಡಗೆ ಬರೆದರೂ ತೆರೆಯ ಮೇಲೆ ಅಡ್ಡಕ್ಕೆ ಮಲಗಿಸಿದ ಕೋಳಿಮೊಟ್ಟೆ. ಕಾರಣ ಇಷ್ಟೇ: ಅಗಲ ಎತ್ತರದ ಲೆಕ್ಕದಲ್ಲಿ ಹಲಗೆ 16:10, ಲ್ಯಾಪ್‌ಟಾಪ್ ತೆರೆ 16:9. ಡ್ರೈವರ್‌ನಲ್ಲಿ (ಹಲಗೆಯನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್) ಹಲಗೆಯಲ್ಲಿ ಬಳಸುವ ಜಾಗದ ಎತ್ತರವನ್ನು ಅರ್ಧ ಇಂಚಿಗಿಂತ ಚೂರು ಜಾಸ್ತಿ ಕಡಿಮೆ ಮಾಡಿದರೆ ಸರಿಯಾಗುತ್ತದೆ. ಎಬಿಸಿಡಿ ಬರೆಯುವವರಿಗೆ ಇದು ಎಷ್ಟೋ ದಿನ ಗೊತ್ತಾಗದೆ ಹೋಗಬಹುದು, ನಮ್ಮ ದುಂಡು ಅಕ್ಷರದಲ್ಲಿ ಮೊದಲ ನಿಮಿಷಕ್ಕೇ ಸಿಕ್ಕಿಬೀಳುತ್ತದೆ. ವಿಂಡೋಸ್‌ನಲ್ಲಿ ಪೆನ್ ಒತ್ತಿ ಹಿಡಿದರೆ ಬರುವ ಆ ಉಂಗುರವನ್ನೂ ಆರಿಸಿಬಿಡಿ, ಇಲ್ಲದಿದ್ದರೆ ಪ್ರತಿ ಗೆರೆಯ ಶುರುವಿನಲ್ಲಿ ತಡೆಯುತ್ತದೆ.

ಜಾಸ್ತಿ ಸತಾಯಿಸಿದ್ದು ನಡುಕ. ಕೈ ನೆಟ್ಟಗಿದ್ದರೂ ಗೆರೆ ನಡುಗುತ್ತಿತ್ತು. ಹಲಗೆ ಕೆಟ್ಟಿದೆ ಅಂತ ಮಾರಿದವರಿಗೆ ಹೇಳಿದೆ, ಅವರು ಪೆನ್ ಬದಲಿಸಿ ಕೊಟ್ಟರು, ನಡುಕ ಹಾಗೇ ಇತ್ತು. ಒಂದು ದಿನ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ಗೆರೆ ದಾರ ಹಿಡಿದಷ್ಟು ನೇರ! ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಅದು, ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಜಾಸ್ತಿ. ಇನ್ನೂ ಒಂದು ಗಮನಿಸಿದೆ. ಮಳೆಗಾಲದಲ್ಲಿ ನಡುಕ ಕಡಿಮೆ, ಮಾರ್ಚ್ ಏಪ್ರಿಲ್‌ನಲ್ಲಿ ವಿಪರೀತ. ನಮ್ಮ ಅಂಗಡಿ ಇರುವುದು ಜಂಬಿಟ್ಟಿಗೆ ನೆಲದ ಮೇಲೆ. ಬೇಸಿಗೆಯಲ್ಲಿ ಅದು ಒಣಗಿ ಕಲ್ಲಾಗುತ್ತದೆ, ಅರ್ಥಿಂಗ್ ಹಿಡಿಯುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿದೆ. ಎರಡೂವರೆ ಸಾವಿರದ ಹತ್ತಿರ ಖರ್ಚು. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೆ ಒಂದೆರಡು ಕೊಡ ನೀರು. ಮೂರು ಪಿನ್ನಿನ ಚಾರ್ಜರನ್ನೇ ಹಾಕಿ. ಆಮೇಲೆ ನಡುಕದ ಮಾತಿಲ್ಲ.

ಇನ್ನು ಅಕ್ಷರ. ಕ್ರಿತಾದಲ್ಲಿ ಗೆರೆ ನುಣುಪು ಮಾಡುವ ಸ್ಟೆಬಿಲೈಸರ್ ಇದೆ, ಎಲ್ಲರೂ ಅದನ್ನು ಜಾಸ್ತಿ ಇಡಿ ಅನ್ನುತ್ತಾರೆ. ಜಾಸ್ತಿ ಇಟ್ಟರೆ ಣ, ಖ, ಝದಂಥ ಅಕ್ಷರಗಳ ಒಳಸುತ್ತು ತಿಂದುಹೋಗುತ್ತದೆ. ನಾನು ಇಟ್ಟಿರುವುದು ಕಡಿಮೆಯೇ. ಅಕ್ಷರವನ್ನು ಒಂದೇ ಓಟಕ್ಕೆ ಬರೆಯಬೇಡಿ, ಕುಂಚದಲ್ಲಿ ಮಾಡುವ ಹಾಗೆ ತುಂಡು ತುಂಡಾಗಿ ಎಳೆಯಿರಿ. ಶ್ರೀ ತಗೊಳ್ಳಿ, ಹೆಚ್ಚಿನ ಬೋರ್ಡಿಗೂ ಬೇಕಾದ ಅಕ್ಷರ. ನಾನು ಮೊದಲು ಶ ಹೊಟ್ಟೆ, ಆಮೇಲೆ ಮೇಲಿನ ಗುಡಿಸು, ದೀರ್ಘ ಬೇರೆ, ಕೊನೆಗೆ ಕೆಳಗಿನ ರ ಒತ್ತು. ಆ ಒತ್ತನ್ನು ಒತ್ತಿ ಶುರು ಮಾಡಿ, ತಿರುವಿನಲ್ಲಿ ಹಗುರ ಮಾಡಿ, ಬಾಲವನ್ನು ಪೆನ್ ಎತ್ತುತ್ತಲೇ ಬಿಡಬೇಕು. ಕುಂಚದ ಕೈ ಇರುವವರು ಜೋರಾಗಿ ಒತ್ತುತ್ತೇವೆ, ಹಾಗಾಗಿ ಎಷ್ಟು ಒತ್ತಿದರೆ ಎಷ್ಟು ದಪ್ಪ ಅಂತ ತೋರಿಸುವ ಒತ್ತಡದ ರೇಖೆಯನ್ನು ಕೆಳಕ್ಕೆ ಬಗ್ಗಿಸಿ ಗಟ್ಟಿ ಮಾಡಿಕೊಳ್ಳಬೇಕು. ತಲಕಟ್ಟಿನ ತುದಿ ಕೊಯ್ದ ಹಾಗೆ ಬರಲು ನಾನೇ ಒಂದು ಬ್ರಷ್ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ, ಅದು ನನ್ನ ಅನ್ನ.

ಬರೆದದ್ದನ್ನು ದೊಡ್ಡ ಅಳತೆಯಲ್ಲಿ, ಬರೀ ಕಪ್ಪಿನಲ್ಲಿ ಉಳಿಸಿ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡುತ್ತೇನೆ, ಅಂದರೆ ಅಕ್ಷರದ ಅಂಚನ್ನು ಚುಕ್ಕೆಗಳು ಜೋಡಿಸಿದ ಗೆರೆಯಾಗಿ ಬದಲಿಸುತ್ತೇನೆ. ಆ ಚುಕ್ಕೆ ಕಡಿಮೆ ಮಾಡುವ ಸಿಂಪ್ಲಿಫೈ ಒಂದು ಸಲ ಸಾಕು. ಎರಡು ಮೂರು ಸಲ ಮಾಡಿದರೆ ತಲಕಟ್ಟು ಮೊಂಡಾಗುತ್ತದೆ. ಮಾಡದೇ ಕೊಟ್ಟರೆ ವಿನೈಲ್ (ಬೋರ್ಡಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಕತ್ತರಿಸುವ ಮಷೀನ್ ಪ್ರತಿ ಚುಕ್ಕೆಗೂ ನಿಂತು ನಿಂತು ಅಂಚು ಹರಿಯುತ್ತದೆ. ಶಿವಮೊಗ್ಗದಲ್ಲಿ ಹೀಗೆ ಕತ್ತರಿಸಿದ ಒಂದು ಬೋರ್ಡ್ ನೋಡಿದ ಹಿರಿಯ ಕಲಾವಿದರೊಬ್ಬರು ಯಾವ ನಂಬರ್ ಕುಂಚ ಅಂತ ಕೇಳಿದರು. ಪೆನ್ ತೋರಿಸಿದೆ. ಅವರು ಅಕ್ಷರದ ಅಂಚಿನ ಮೇಲೆ ಉಗುರು ಆಡಿಸಿ ನೋಡಿ, ನನಗೂ ಒಂದು ತರಿಸಿಕೊಡು ಮಾರಾಯ ಅಂದರು. ತರಿಸಿಕೊಟ್ಟಿದ್ದೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಹಲಗೆ ಜಾರುತ್ತದೆ ಅನ್ನಿಸಿ ಮೇಲೆ ಡ್ರಾಯಿಂಗ್ ಕಾಗದ ಅಂಟಿಸಿದೆ. ಕಾಗದದ ಮೂಲಕವೂ ಪೆನ್ ಚೆನ್ನಾಗಿ ಗೊತ್ತಾಗುತ್ತದೆ, ಹಿಡಿತವೂ ಒಳ್ಳೆಯದು. ಹಳೇ ಸ್ಕೆಚ್ ಇಟ್ಟು ಮೇಲೆ ತಿದ್ದಿದರೆ ಹಾಗೇ ತೆರೆಗೆ ಬರುತ್ತದೆ. ಆದರೆ ನಿಬ್, ಅಂದರೆ ಪೆನ್ನಿನ ಬದಲಿಸಬಹುದಾದ ತುದಿ, ಬೇಗ ಸವೆಯುತ್ತದೆ. ಚಪ್ಪಟೆ ಮಾಡಿದ ಅಡಿಕೆ ಹಾಳೆ ಇಟ್ಟೂ ನೋಡಿದೆ. ಅದರ ನಾರು ಪೆನ್ನನ್ನು ತನ್ನ ದಿಕ್ಕಿಗೇ ಎಳೆಯುತ್ತದೆ, ಬೇಡ.

ನಿಬ್ ವಿಷಯಕ್ಕೆ ತೋಟದ್ದೇ ಪರಿಹಾರ ಸಿಕ್ಕಿತು. ಹತ್ತು ನಿಬ್‌ಗೆ ಮುನ್ನೂರರ ಮೇಲೆ, ತರಿಸಲು ವಾರ ಬೇಕು. ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ನಮ್ಮ ಮನೆಗಳಲ್ಲಿ ಸುರುಳಿಗಟ್ಟಲೆ ಬಿದ್ದಿರುತ್ತದೆ. ನಮ್ಮಲ್ಲಿದ್ದದ್ದು 2.4 ಮಿಲಿಮೀಟರ್ ದಪ್ಪದ್ದು. ನಿಬ್‌ನಷ್ಟೇ ಉದ್ದ ಕತ್ತರಿಸಿ, ಬಿಸಿನೀರಿನಲ್ಲಿಟ್ಟು ನೇರ ಮಾಡಿ, ಮರಳು ಕಾಗದದಲ್ಲಿ ಹಳೇ ನಿಬ್ಬಿನ ದಪ್ಪಕ್ಕೆ ತಿಕ್ಕಿ. ತುದಿ ದುಂಡಗಿರಲಿ. ಬಿಗಿ ಜಾಸ್ತಿಯಾದರೆ ಒಳಗೇ ಸಿಕ್ಕಿಕೊಂಡು ಪೆನ್ ಸದಾ ಒತ್ತಿದ ಹಾಗೆ ತೋರಿಸುತ್ತದೆ, ಸುಲಭವಾಗಿ ಒಳಗೆ ಹೋಗಬೇಕು, ಸುಲಭವಾಗಿ ಕೈಗೆ ಬರಬೇಕು. ಎಸ್ ಪೆನ್‌ಗೆ ಇದು ಆಗುವುದಿಲ್ಲ, ಅದರ ನಿಬ್ ಬೇರೆ ಆಕಾರ.

ಈಗ ಒಂದು ಅಂಗಡಿ ಹೆಸರಿಗೆ ಎಂಟು ನೂರರಿಂದ ಒಂದೂವರೆ ಸಾವಿರ ತಗೊಳ್ಳುತ್ತೇನೆ, ಬರೀ ಅಕ್ಷರಕ್ಕೆ. ಪ್ರಿಂಟು, ಕಟಿಂಗ್ ಗಿರಾಕಿಯದ್ದು. ಹಲಗೆ, ಅರ್ಥಿಂಗ್, ಮೊದಲಿನ ಟ್ಯಾಬ್ ಎಲ್ಲ ಸೇರಿದ ಖರ್ಚು ಒಂದು ಮಳೆಗಾಲದಲ್ಲೇ ವಾಪಸ್ ಬಂತು. ಫೋನ್ ನಂಬರ್, ವಿಳಾಸದಂಥ ಸಣ್ಣ ಸಾಲುಗಳಿಗೆ ಕೈ ಹಾಕುವುದಿಲ್ಲ, ಅದಕ್ಕೆ ಫಾಂಟ್ ಸಾಕು. ಗೋಡೆ ಬರಹ ಬಂದರೆ ಈಗಲೂ ಕುಂಚವೇ, ಅದೂ ದೀಪಾವಳಿ ಕಳೆದ ಮೇಲೆ.