ಪದ್ಮಿನಿ ಕಾರಿನ ಬಂಪರ್ ಬೆನ್ನಿಗೆ ತುಕ್ಕು ಹತ್ತದಂತೆ ಮಾಡಿದ್ದು

ಬಳ್ಳಾರಿಯಲ್ಲಿ ಬಂಪರಿನ ತುಕ್ಕು ಕಣ್ಣಿಗೆ ಬೀಳುವುದೇ ಇಲ್ಲ. ಸಂಡೂರು, ತೋರಣಗಲ್ಲು ಕಡೆ ಹೋಗಿಬಂದರೆ ಅದಿರಿನ ಕೆಂಧೂಳು ಕೂತಿರುತ್ತದೆ, ಅದರಡಿ ತುಕ್ಕಿದ್ದರೂ ಧೂಳೇ ಅನ್ನಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಕೆರೆದು ನೋಡಿ. ಧೂಳಾದರೆ ಬಟ್ಟೆಗೆ ಹತ್ತುತ್ತದೆ, ತುಕ್ಕಾದರೆ ಹಕ್ಕಳೆ ಏಳುತ್ತದೆ.

ಬಂಪರಿಗೆ ನಿಕ್ಕಲ್, ಕ್ರೋಮ್ ಲೇಪಿಸುವ ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟು ಬಂಪರಿನ ಒಳಮಡಿಕೆಗೆ ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿ ನಿಕ್ಕಲ್ ತೆಳು, ಕ್ರೋಮ್ ಇನ್ನೂ ತೆಳು. ಎರಡೂ ಬಂಪರ್ ಹೊರಗೆ ಕಳಿಸಿ ಪ್ಲೇಟಿಂಗ್ ಮಾಡಿಸಿದ್ದಕ್ಕೆ 16-17 ಸಾವಿರ ಹೋಯಿತು. ವರ್ಷ ತುಂಬುವುದರೊಳಗೆ, ಬಂಪರನ್ನು ಗಾಡಿಗೆ ಹಿಡಿದಿಡುವ ಬ್ರಾಕೆಟ್ ಸಂದಿಯಿಂದ ಕಂದು ನೀರು ಇಳಿಯಿತು. ಗ್ರೀಸ್ ಬಳಿದರೆ ಏಪ್ರಿಲ್ ಬಿಸಿಲಿಗೆ ಸೋರಿ, ಉಳಿದದ್ದು ಧೂಳಿನ ಜೊತೆ ಸೇರಿ ಮೆತ್ತಿಕೊಂಡಿತು. ತುಕ್ಕಿನ ಮೇಲೇ ಹೊಡೆದ ರೆಡ್ ಆಕ್ಸೈಡ್ ಹಪ್ಪಳದಂತೆ ಎದ್ದು ಬಂತು. "ಹಳೇ ಗಾಡಿ ಸಾರ್, ತುಕ್ಕು ಹಿಡಿಯೋದೇ" ಅಂದ ಮೇಸ್ತ್ರಿ.

ಕೊನೆಗೆ ಗೆದ್ದದ್ದು ಹೀಗೆ. ಬಂಪರ್, ಅದರ ಮೇಲೆ ನೆಟ್ಟಗೆ ಕೂರುವ ಓವರ್‌ರೈಡರ್ ತುಂಡು ಎಲ್ಲ ಬಿಚ್ಚಿ, ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಹಿಂಬದಿಯನ್ನು ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಗುಳಿಗಳಿಗೆ ಮಾತ್ರ ಫಾಸ್ಫರಿಕ್ ಆ್ಯಸಿಡ್. ಬಾತ್‌ರೂಮ್ ಆ್ಯಸಿಡ್ ಹತ್ತಿರ ತರಬೇಡಿ, ಕ್ರೋಮನ್ನೇ ತಿನ್ನುತ್ತದೆ. ಚೆನ್ನಾಗಿ ತೊಳೆದು, ಮುಟ್ಟಲಾಗದಷ್ಟು ಕಾಯುವವರೆಗೆ ಬಿಸಿಲಿಗಿಟ್ಟೆ. ಆರಿದ ಮೇಲೆ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಅದರ ಮೇಲೆ ಜೇನುಮೇಣ, ಕಾಯಿಸಿದ ಅಗಸೆ ಎಣ್ಣೆಯ ಮಿಶ್ರಣವನ್ನು ಬೆಚ್ಚಗಿರುವಾಗಲೇ ಬ್ರಷ್‌ನಿಂದ ಮಡಿಕೆಗೆ ಇಳಿಸಿದೆ. ಜೇನುಮೇಣ ಕರಗಲು 60 ಡಿಗ್ರಿ ದಾಟಬೇಕು, ನಮ್ಮ ಬೇಸಿಗೆಗೂ ಜಗ್ಗಲಿಲ್ಲ. ಮೂರನೆಯದೊಂದನ್ನೂ ಸೇರಿಸುತ್ತೇನೆ, ಅದೂ, ಅಳತೆಯೂ ನನ್ನಲ್ಲೇ ಇರಲಿ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ನಡುವೆ ಮನೆಯ ಗೇಟಿಗೆ ಕುಸುಬಿ ಎಣ್ಣೆ ಹಾಕಿ ನೋಡಿದೆ. ಆರಲು ಬಹಳ ದಿನ ಹಿಡಿಯಿತು, ಅಷ್ಟರಲ್ಲಿ ಧೂಳೆಲ್ಲ ಅಂಟಿತ್ತು. ಅಗಸೆಯೇ ಸರಿ.

ಬ್ರಾಕೆಟ್ ಸಂದಿಗೆ ಲಾರಿ ಟ್ಯೂಬ್ ಕತ್ತರಿಸಿ ಕೂರಿಸಿದೆ. ಗುಟ್ಟು ಅರ್ಧ ಅಲ್ಲೇ ಇದೆ: ಕಬ್ಬಿಣಕ್ಕೆ ಕಬ್ಬಿಣ ತಾಗಿ ಪ್ರೈಮರ್ ಸವೆಯಬಾರದು, ಕೆಸರು ನಿಲ್ಲಬಾರದು. ಬೋಲ್ಟಿನ ತಿರುಪಿನ ಗೆರೆಗಳಿಗೂ ಅದೇ ಮೇಣ. ಒಟ್ಟು 1,200 ರೂಪಾಯಿ ಆಸುಪಾಸು.

ಮೂರ್ನಾಲ್ಕು ಮಳೆಗಾಲ ಕಳೆದವು. ಮೊನ್ನೆ ಮೇಸ್ತ್ರಿಯ ಎದುರೇ ಬೋಲ್ಟ್ ಬಿಚ್ಚಿದೆ. ಸ್ಪ್ಯಾನರಿಗೆ ಸರಾಗವಾಗಿ ತಿರುಗಿತು, ಟ್ಯೂಬಿನಡಿ ಪ್ರೈಮರಿನ ಬೂದು ಬಣ್ಣ ಹಾಗೇ ಇತ್ತು. ಈಗ ಅವನ ಗಿರಾಕಿಯೊಬ್ಬರ ಅಂಬಾಸಿಡರ್ ಬಂಪರ್ ನಮ್ಮ ಅಂಗಳದಲ್ಲಿದೆ. ಮೇಣವನ್ನು ಮಾತ್ರ ಪ್ರತಿ ವರ್ಷ ಮಳೆಗೆ ಮುಂಚೆ ಇನ್ನೊಮ್ಮೆ ಬಳಿಯಬೇಕು, ಅದಕ್ಕೆ 150 ರೂಪಾಯಿ ಸಾಕು.